ಎರಡನೇ ಬೇಸ್‌ಗೆ ಯಾರು?

ನಮ್ಮೂರಿನ ಗಂಡಸರಿಗೆ ಶನಿವಾರ ಬೆಳಿಗ್ಗೆ ಎರಡು ಮೊಟ್ಟೆ, ಒಂದಿಷ್ಟು ಹುರಿದ ಆಲೂಗಡ್ಡೆ, ಮೂರು ಲೋಟ ಕಾಫಿ ಕೊಟ್ಟರೆ ಸಾಕು, ಸತ್ತವರನ್ನೆಲ್ಲ ಎಬ್ಬಿಸಿ ಮೈದಾನಕ್ಕೆ ಇಳಿಸಿಬಿಡುತ್ತಾರೆ. ಟಿಲ್ಡನ್ ಫೆರಿಯ ಮುಖ್ಯ ಬೀದಿಯಲ್ಲಿ, ಒಹಾಯೊ ನದಿಯ ಕಡೆಗೆ ಜಗಲಿ ಇರುವ ತಿಂಡಿ ಅಂಗಡಿ ನನ್ನದು. ಹೆಸರು ನೆಡ್ರಾ ಫೌಲ್ಕ್. ನಲವತ್ತೊಂದು ವರ್ಷದಿಂದ ಒಲೆಯ ಮುಂದೆ ನಿಂತು ಇವರ ಒಂದೇ ಜಗಳವನ್ನು ಕೇಳುತ್ತಾ ಬಂದಿದ್ದೇನೆ. ಕುಂಬಾರರಲ್ಲಿ ಎಲ್ಲರಿಗಿಂತ ದೊಡ್ಡ ಆಟಗಾರ ಯಾರು? ಇಷ್ಟೇ ಪ್ರಶ್ನೆ. ಉತ್ತರ ಮಾತ್ರ ಇನ್ನೂ ಸಿಕ್ಕಿಲ್ಲ.

ಕುಂಬಾರರು ಅಂದರೆ ನಮ್ಮೂರ ಬೇಸ್‌ಬಾಲ್ ತಂಡ. ಪಿಂಗಾಣಿ ಕಾರ್ಖಾನೆಯ ಕೆಲಸಗಾರರು ಕಟ್ಟಿದ್ದು, ಅದಕ್ಕೇ ಆ ಹೆಸರು. ಕಾರ್ಖಾನೆ ಮುಚ್ಚಿ ಇಪ್ಪತ್ತು ವರ್ಷ ದಾಟಿತು. ಅದರ ಚಿಮಣಿ ಕೆಡವಿದ ದಿನ ಊರಿಗೆ ಊರೇ ಅತ್ತಿತು. ತಂಡ ಮಾತ್ರ ಹಟ ಹಿಡಿದು ಉಳಿದುಕೊಂಡಿತು. ಹೋದ ಬೇಸಿಗೆಗೆ ಅದಕ್ಕೆ ನೂರು ತುಂಬಿತು.

ಆದರೆ ನಾನು ಹೇಳಹೊರಟಿರುವುದು ಈ ಗಂಡಸರ ಕತೆಯನ್ನಲ್ಲ, ನನ್ನ ಗೆಳತಿ ಓರ್ಫಾ ಗಿಟ್ನರ್ ಕತೆಯನ್ನು. ಅವಳು ಒಂದು ದಿನವೂ ಬ್ಯಾಟು ಹಿಡಿದವಳಲ್ಲ. ಆದರೂ ಅವಳಿಲ್ಲದೆ ಈ ಜಗಳವೇ ಇರುತ್ತಿರಲಿಲ್ಲ, ಯಾಕೆಂದರೆ ಜಗಳಕ್ಕೆ ಬೇಕಾದ ಸಾಕ್ಷಿಯೆಲ್ಲ ಅವಳ ಕೈಬರಹದಲ್ಲೇ ಇದೆ.

ಓರ್ಫಾಳ ಅಪ್ಪ ಎಮಿಲ್ ಕೂಬಿಕ್ ಕುಂಬಾರರ ಆಟ ಬರೆಯುತ್ತಿದ್ದ. ಯಾರು ಹೊಡೆದರು, ಯಾರು ಓಡಿದರು, ಯಾರು ಹಿಡಿದರು, ಎಲ್ಲವನ್ನೂ ಚೌಕಚೌಕದ ಪುಸ್ತಕದಲ್ಲಿ ಗುರುತು ಹಾಕುವ ಕೆಲಸ. ಸಾವಿರದ ಒಂಬೈನೂರ ಅರವತ್ತೊಂದರಲ್ಲಿ ಅವನಿಗೆ ಪಾರ್ಶ್ವವಾಯು ಬಡಿದು ಬಲಗೈ ಬಿದ್ದುಹೋಯಿತು. ಮಾರನೇ ಭಾನುವಾರ ಇಪ್ಪತ್ತು ವರ್ಷದ ಓರ್ಫಾ ಪೆನ್ಸಿಲು ಕಿವಿಗೆ ಸಿಕ್ಕಿಸಿಕೊಂಡು, ಬೆಂಚುಗಳ ಮೇಲಿನ ಮರದ ಗೂಡಿನಂಥ ಕೋಣೆಗೆ ಹತ್ತಿ ಕೂತಳು. ಒಂದಿಬ್ಬರು ಗಂಡಸರು ನಕ್ಕರು. ಅವಳು ಬಗ್ಗಿ ನೋಡಿ, "ನಕ್ಕಿದ್ದನ್ನೂ ಬರ್ಕೋಬೇಕಾ?" ಎಂದು ಕೇಳಿದಳು. ಆಮೇಲೆ ಯಾರೂ ನಗಲಿಲ್ಲ.

ಆಗ ನಾವಿಬ್ಬರೂ ಕಾರ್ಖಾನೆಯಲ್ಲಿ ತಟ್ಟೆಗಳ ಅಂಚಿಗೆ ಹೂವಿನ ಚಿತ್ರ ಅಂಟಿಸುವ ಮೇಜಿನಲ್ಲಿ ಅಕ್ಕಪಕ್ಕ ಕೂರುತ್ತಿದ್ದೆವು. ನನ್ನ ಹೂವು ಒಂದು ಕೂದಲೆಳೆ ಸೊಟ್ಟಗಿದ್ದರೂ ಅವಳ ಕಣ್ಣಿಗೆ ಬೀಳುತ್ತಿತ್ತು. "ಯಾರಿಗೆ ಗೊತ್ತಾಗುತ್ತೆ ಬಿಡೇ" ಅಂದರೆ "ನಂಗೆ ಗೊತ್ತಾಯ್ತಲ್ಲ" ಅನ್ನುತ್ತಿದ್ದಳು. ಅಂಥ ಹೆಂಗಸು. ಜೊತೆಗಿರುವವರಿಗೆ ಪ್ರಾಣಸಂಕಟ.

ಆಟ ಬರೆಯುವವಳ ಕೆಲಸದಲ್ಲಿ ನಿಜವಾದ ಕಷ್ಟ ಒಂದೇ. ಬ್ಯಾಟು ಹಿಡಿದವನು ಚೆಂಡು ಹೊಡೆದು, ಓಡಿ, ಮೊದಲನೇ ಬೇಸನ್ನು, ಅಂದರೆ ಓಟದ ಮೊದಲ ಮೂಲೆಯ ದಿಂಬನ್ನು, ಮುಟ್ಟಿಬಿಟ್ಟ. ಅದು ಅವನ ಹೊಡೆತದ ಗೆಲುವೋ, ಇಲ್ಲ ಚೆಂಡು ಹಿಡಿಯಬೇಕಾದವನ ತಪ್ಪೋ? ಇದನ್ನು ತೀರ್ಮಾನಿಸುವುದು ಅಂಪೈರ್ ಅಲ್ಲ, ಆಟ ಬರೆಯುವವಳು. ಓರ್ಫಾ ಗೂಡಿನ ಕಿಟಕಿಯಿಂದ ಕೈ ಹೊರಗೆ ಚಾಚುತ್ತಿದ್ದಳು. ಒಂದು ಬೆರಳೆತ್ತಿದರೆ ಹೊಡೆತ, ಮುಷ್ಟಿ ಹಿಡಿದರೆ ತಪ್ಪು. ಹಲಗೆಯ ಬಳಿ ನಿಂತವನು ಅದನ್ನು ನೋಡಿ ಅಂಕಿ ತೂಗುಹಾಕುತ್ತಿದ್ದ. ಐವತ್ತೈದು ವರ್ಷದಲ್ಲಿ ಆ ಕೈಯ ಮೇಲೆ ಯಾರೂ ಎರಡನೇ ಮಾತಾಡಲಿಲ್ಲ. ಮೇಯರ್ ಮಗ ಚೆಂಡು ಬಿಟ್ಟಾಗಲೂ ಮುಷ್ಟಿ ಹಿಡಿದಳು, ಪಾದ್ರಿಯ ತಮ್ಮ ಬಿಟ್ಟಾಗಲೂ ಹಿಡಿದಳು. ಮದುವೆಯಾದ ಮೇಲೆ ಒಂದು ಸಲ ಸ್ವಂತ ಗಂಡ ಲಾನ್ ವಿರುದ್ಧವೇ ಮುಷ್ಟಿ ಹಿಡಿದು, ಮನೆಗೆ ಹೋಗಿ ಅವನಿಗೆ ಇಷ್ಟದ ಹುರಿದ ಹಂದಿ ಮಾಂಸ ಮಾಡಿಟ್ಟಳು. "ಅದು ಬೇರೆ, ಇದು ಬೇರೆ" ಅಂದಳು.

ಲಾನ್ ಗಿಟ್ನರ್ ಕುಂಬಾರರ ಎಸೆತಗಾರ. ನಮ್ಮೂರಲ್ಲಿ ಅವನ ಹೆಸರು ಹೇಳಿದರೆ ಇವತ್ತಿಗೂ ಜನ ಟೋಪಿ ತೆಗೆಯುತ್ತಾರೆ. ಕಾರಣ ಅರವತ್ನಾಲ್ಕನೇ ಇಸವಿಯ ಕೊನೆಯ ಆಟ. ಗಾಜಿನ ಕಾರ್ಖಾನೆಯವರ ಎದುರು ಒಂಬತ್ತು ಇನಿಂಗ್ಸಿನಲ್ಲಿ ಎದುರಾಳಿಗೆ ಒಂದೇ ಒಂದು ಹೊಡೆತ ಕೊಡದೆ ಗೆದ್ದ. ಕುಂಬಾರರ ನೂರು ವರ್ಷದಲ್ಲಿ ಅಂಥ ಆಟ ಅದೊಂದೇ. ಆ ಚೆಂಡನ್ನು ಮನೆಯ ಕಪಾಟಿನ ಮೇಲೆ, ಒಂದು ಪಿಂಗಾಣಿ ಬಟ್ಟಲಿನಲ್ಲಿ ಇಟ್ಟಿದ್ದ. ಆರು ವರ್ಷದ ಹಿಂದೆ ಅವನು ತೀರಿಕೊಂಡ. ಚೆಂಡು ಅಲ್ಲೇ ಇದೆ.

ಆ ಆಟದಲ್ಲಿ ಗಾಜಿನವರಲ್ಲಿ ಒಬ್ಬನೇ ಒಬ್ಬ ಚೆಂಡನ್ನು ಹೊಡೆದು ಬೇಸು ಮುಟ್ಟಿದ್ದ. ಅದೂ ರೆನ್ನಿ ಪಾಲ್ಕೊನ ತಪ್ಪಿನಿಂದ. ರೆನ್ನಿ ಎರಡನೇ ಬೇಸು ಕಾಯುವವನು, ಲಾನ್‌ನ ಜೀವದ ಗೆಳೆಯ. ಆ ವರ್ಷ ಮೂವತ್ತೇಳು ಆಟದಲ್ಲಿ ಒಂದೂ ತಪ್ಪು ಮಾಡಿರಲಿಲ್ಲ. ಇಡೀ ವರ್ಷ ತಪ್ಪಿಲ್ಲದೆ ಆಡಿದವನು ಕುಂಬಾರರಲ್ಲಿ ಅದಕ್ಕೆ ಮುಂಚೆಯೂ ಇಲ್ಲ, ಆಮೇಲೂ ಇಲ್ಲ. ಮೂವತ್ತೆಂಟನೇ ಆಟ, ಎಂಟನೇ ಇನಿಂಗ್ಸ್, ಓರ್ಫಾಳ ಮುಷ್ಟಿ. ಅಲ್ಲಿಗೆ ಮುಗಿಯಿತು. "ಇನ್ನೇನು ಲಾನ್ ಆಟ ಕೆಡಿಸಿಬಿಡ್ತಿದ್ದ ಮಾರಾಯ" ಎಂದು ಜನ ಆಡಿಕೊಂಡರು. ತೂತುಗೈ ರೆನ್ನಿ ಎಂದು ಹೆಸರಿಟ್ಟರು. ಕಾರ್ಖಾನೆಯಲ್ಲಿ ಅವನು ಮೂವತ್ತು ವರ್ಷ ಕುಲುಮೆ ನೋಡಿಕೊಂಡ, ಒಂದು ತಟ್ಟೆ ಕೈಜಾರಿ ಬಿದ್ದರೂ ಆ ಹೆಸರು ಎದ್ದು ಬರುತ್ತಿತ್ತು. ಅವನೂ ಜೊತೆಗೆ ನಗುತ್ತಿದ್ದ. ನಗದೆ ಏನು ಮಾಡಿಯಾನು?

ಹೋದ ಬೇಸಿಗೆಯ ವಿಷಯಕ್ಕೆ ಬರುತ್ತೇನೆ. ನೂರು ವರ್ಷದ ನೆನಪಿಗೆ ಮೈದಾನದ ಮರದ ಬೇಲಿಯ ಮೇಲೆ ಸರ್ವಕಾಲದ ಒಂಬತ್ತು ಆಟಗಾರರ ಚಿತ್ರ ಬರೆಸುವುದೆಂದು ತೀರ್ಮಾನವಾಯಿತು. ಆರಿಸಲು ಏಳು ಜನರ ಸಮಿತಿ. ಅದರ ಮುಖ್ಯಸ್ಥ ಡ್ವೈಟ್ ಸಾರೆಲ್, ಹೈಸ್ಕೂಲಿನಲ್ಲಿ ಬಡಗಿ ಕೆಲಸ ಕಲಿಸುತ್ತಿದ್ದ ಮೇಷ್ಟ್ರು. ನಿವೃತ್ತನಾಗಿ ಎಂಟು ವರ್ಷವಾದರೂ ಎಲ್ಲರನ್ನೂ ಬೆಂಚಿನ ಮೇಲೆ ನಿಲ್ಲಿಸುವ ದನಿ ಮಾತ್ರ ಹೋಗಿಲ್ಲ. ಪುಸ್ತಕಗಳ ಒಡತಿ ಅಂತ ಓರ್ಫಾ, ಹಳೇ ಆಟಗಾರ ಅಂತ ರೆನ್ನಿ. ಉಳಿದ ನಾಲ್ವರ ಹೆಸರು ಹೇಳಿ ನಿಮ್ಮ ತಲೆ ತಿನ್ನುವುದಿಲ್ಲ, ಡ್ವೈಟ್ ಕೆಮ್ಮಿದರೆ ಅವರೂ ಕೆಮ್ಮುವವರು. ಸಭೆ ಎಲ್ಲಿ? ಇನ್ನೆಲ್ಲಿ, ನನ್ನ ಅಂಗಡಿಯಲ್ಲಿ.

ಏಪ್ರಿಲಿನಿಂದ ಮೇ ಕೊನೆಯವರೆಗೆ ಕಿತ್ತಾಡಿ ಎಂಟು ಹೆಸರು ಗೊತ್ತುಮಾಡಿದರು. ಎಸೆತಗಾರನ ಜಾಗಕ್ಕೆ ಲಾನ್ ಹೆಸರು ಮೊದಲ ದಿನವೇ, ಚರ್ಚೆಯಿಲ್ಲದೆ. ಉಳಿದದ್ದು ಎರಡನೇ ಬೇಸು ಒಂದೇ. ರೆನ್ನಿಯೋ, ಮೂವತ್ತರ ದಶಕದಲ್ಲಿ ಆಡಿದ ಅಮೋಸ್ ಹ್ಯಾಡಾಕ್ಸೋ?

"ಹ್ಯಾಡಾಕ್ಸ್ ಬ್ಯಾಟು ಬೀಸಿದ್ರೆ ಚೆಂಡು ನದಿ ದಾಟಿ ವೆಸ್ಟ್ ವರ್ಜೀನಿಯಾದಲ್ಲಿ ಬೀಳ್ತಿತ್ತು," ಅಂದ ಡ್ವೈಟ್.

"ನೀನು ನೋಡಿದ್ಯಾ?" ಎಂದು ನಾನು ಒಲೆಯ ಬಳಿಯಿಂದಲೇ ಕೇಳಿದೆ.

"ನಮ್ಮಜ್ಜ ನೋಡಿದ್ದ."

"ನಿಮ್ಮಜ್ಜ ಇದೇ ನದೀಲಿ ತಿಮಿಂಗಿಲ ನೋಡಿದೀನಿ ಅಂತಾನೂ ಹೇಳ್ತಿದ್ದ ಕಣೋ."

"ನೀನು ಆಲೂಗಡ್ಡೆ ನೋಡ್ಕೋ ನೆಡ್ರಾ, ಸೀದು ಹೋಗ್ತಿದೆ." ಆಮೇಲೆ ರೆನ್ನಿಯ ಕಡೆ ತಿರುಗಿ, "ಬೇಜಾರು ಮಾಡ್ಕೋಬೇಡ ಮಾರಾಯ. ನೀನು ಒಳ್ಳೆ ಆಟಗಾರನೇ. ಆದ್ರೆ ಎಲ್ಲರ ಉಸಿರು ಗಂಟಲಲ್ಲಿ ಸಿಕ್ಕಾಕೊಂಡಿದ್ದಾಗ ಚೆಂಡು ಬಿಟ್ಟೆ. ನಾನು ಅಲ್ಲೇ ಇದ್ದೆ, ಹದಿನೆಂಟು ವರ್ಷ ನಂಗೆ. ಇಡೀ ವರ್ಷ ತಪ್ಪಿಲ್ಲದೆ ಮುಗ್ಸಿದ್ರೆ ನಾನೇ ನಿನ್ನ ಹೆಸರು ಹೇಳ್ತಿದ್ದೆ," ಅಂದ.

"ಅಯ್ಯೋ, ಹ್ಯಾಡಾಕ್ಸ್‌ನೇ ಹಾಕ್ರಪ್ಪ," ಅಂದ ರೆನ್ನಿ. "ಈ ಮುಖಾನ ಬೇಲಿ ಮೇಲೆ ಬರೆದ್ರೆ ದನಾನೂ ಹತ್ರ ಬರಲ್ಲ."

ಎಲ್ಲರೂ ನಕ್ಕರು. ಓರ್ಫಾ ನಗಲಿಲ್ಲ, ತಲೆ ಬಗ್ಗಿಸಿ ಪೆನ್ಸಿಲು ಹೆರೆಯುತ್ತಿದ್ದಳು. ಮೊನಚಾಗಿದ್ದ ಪೆನ್ಸಿಲನ್ನೇ ಮತ್ತೆ ಮತ್ತೆ ಹೆರೆಯುತ್ತಿದ್ದಳು. ಆಗ ನನಗೆ ಅದರ ಅರ್ಥವಾಗಲಿಲ್ಲ.

ಮಂಗಳವಾರ ಮಧ್ಯಾಹ್ನ ಮೈದಾನದ ಗೂಡಂಗಡಿಗೆ ಸೇಬಿನ ಪೈ ಕೊಟ್ಟು ಬರಲು ಹೋಗಿದ್ದೆ. ಚಿತ್ರ ಬರೆಯುವವನು ಬೇಲಿಯ ಮೇಲೆ ಸೀಮೆಸುಣ್ಣದಿಂದ ಒಂಬತ್ತು ಆಕಾರಗಳನ್ನು ಮಾತ್ರ ಗೀಚಿ ಊಟಕ್ಕೆ ಹೋಗಿದ್ದ. ಬೇಲಿಯ ಮುಂದೆ ಒಬ್ಬನೇ ನಿಂತಿದ್ದವನು ರೆನ್ನಿ. ಎರಡನೇ ಬೇಸಿನ ಆಕಾರಕ್ಕೆ ಬೆನ್ನು ಕೊಟ್ಟು ನಿಂತು, ಕೈಯಿಂದ ತಲೆಯ ಎತ್ತರ ನೋಡಿಕೊಂಡ. ಆಮೇಲೆ ಆ ಚಿತ್ರದಲ್ಲಿದ್ದ ಹಾಗೆಯೇ ಮಂಡಿ ಬಗ್ಗಿಸಿ, ಎರಡೂ ಕೈ ನೆಲದ ಹತ್ತಿರಕ್ಕೆ ತಂದು, ಚೆಂಡು ಬರುವುದನ್ನು ಕಾಯುವವನಂತೆ ಕೂತ. ಎಪ್ಪತ್ತೇಳು ವರ್ಷದ ಮಂಡಿ, ಏಳಲಾಗಲಿಲ್ಲ. ಬೇಲಿ ಹಿಡಿದುಕೊಂಡು ಹೇಗೋ ಎದ್ದ. ಸುತ್ತ ಒಮ್ಮೆ ನೋಡಿದ. ನಾನು ಕಾರಿನ ಹಿಂದೆ ಅಡಗಿಕೊಂಡೆ. ಬೇಡ ಬೇಡ ಅನ್ನುವವನಿಗೆ ಎಷ್ಟು ಬೇಕಾಗಿತ್ತು!

ಅಲ್ಲಿಂದ ಸೀದಾ ಓರ್ಫಾಳ ಮನೆಗೆ ಹೋಗಿ ಕಂಡದ್ದನ್ನು ಹೇಳಿದೆ. ಹೇಳಿ ಮುಗಿಸುವಷ್ಟರಲ್ಲಿ ಅವಳು ಎದ್ದಿದ್ದಳು. ಒಳಗೆ ಹೋಗಿ ಪೆಟ್ಟಿಗೆಯಿಂದ ಅರವತ್ನಾಲ್ಕರ ಪುಸ್ತಕ ತಂದು ನನ್ನ ಮುಂದೆ ತೆರೆದಿಟ್ಟಳು. ಕೊನೆಯ ಹಾಳೆ, ಎಂಟನೇ ಇನಿಂಗ್ಸು. ಒಂದು ಚೌಕದಲ್ಲಿ ತಪ್ಪಿನ ಗುರುತು, ಪಕ್ಕದಲ್ಲಿ ಎರಡನೇ ಬೇಸಿನವನ ನಂಬರು.

"ಮುಟ್ಟಿ ನೋಡು," ಅಂದಳು.

ಬೆರಳಾಡಿಸಿದೆ. ಕಾಗದ ಅಲ್ಲಿ ತೆಳ್ಳಗಾಗಿತ್ತು. ಕಿಟಕಿಯ ಬೆಳಕಿಗೆ ಹಿಡಿದರೆ ಅಳಿಸಿದ ಇನ್ನೊಂದು ಗುರುತು ಮಸುಕಾಗಿ ಕಂಡಿತು. ಹೊಡೆತದ ಗುರುತು. ಅವಳ ಐವತ್ತೈದು ಪುಸ್ತಕದಲ್ಲಿ ರಬ್ಬರು ತಾಕಿದ್ದ ಚೌಕ ಅದೊಂದೇ.

"ಚೆಂಡು ಸೀದಾ ಅವನ ಕೈಗೇ ಬರ್ತಿತ್ತು ನೆಡ್ರಾ. ಹುಲ್ಲು ಮುಗಿದು ಮಣ್ಣು ಶುರುವಾಗುತ್ತಲ್ಲ, ಆ ಅಂಚಿಗೆ ಬಡಿದು ಹೆಗಲೆತ್ತರಕ್ಕೆ ಹಾರಿಬಿಡ್ತು. ದೇವರು ನಿಂತಿದ್ರೂ ಹಿಡಿಯೋಕಾಗ್ತಿರ್ಲಿಲ್ಲ. ನಾನು ಹೊಡೆತ ಅಂತಾನೇ ಬರೆದೆ. ಬೆರಳೆತ್ತೋಕೆ ಅಂತ ಕೈ ಕಿಟಕಿಯಿಂದ ಆಚೆ ಹಾಕಿದೆ. ಕೆಳಗೆ ಲಾನ್ ತಿರುಗಿ ನನ್ನ ಕಡೆ ನೋಡಿದ."

"ಆಗಿನ್ನೂ ನಿಮಗೆ ಮದುವೆ ಆಗಿರ್ಲಿಲ್ಲ."

"ಅದಕ್ಕೆ ಹಿಂದಿನ ವಾರ ತಾನೇ ಕೇಳಿದ್ದ. ನಾನು ಹೂಂ ಅಂದಿದ್ದು ನಿಂಗೂ ಹೇಳಿರ್ಲಿಲ್ಲ." ಅವಳು ಪುಸ್ತಕದ ಅಂಚು ಸವರಿದಳು. "ಬೆರಳು ಏಳ್ಲಿಲ್ಲ ಕಣೇ. ಮುಷ್ಟಿ ಆಯ್ತು. ಆಮೇಲೆ ಪುಸ್ತಕ ತಿದ್ದಿದೆ."

ಆಟ ಬರೆಯುವವರಲ್ಲಿ ಒಂದು ಹಳೇ ಪದ್ಧತಿಯಿದೆ. ಎಸೆತಗಾರ ಒಂದೂ ಹೊಡೆತ ಕೊಡದೆ ಅಷ್ಟು ದೂರ ಬಂದಿದ್ದರೆ, ಅವನ ಆಟ ಕೆಡಿಸುವ ಮೊದಲ ಹೊಡೆತ ಅನುಮಾನಕ್ಕೆ ಎಡೆಯಿಲ್ಲದಂತಿರಬೇಕು. ಸ್ವಲ್ಪ ಅನುಮಾನವಿದ್ದರೂ ತಪ್ಪು ಎಂದು ಬರೆಯುತ್ತಾರೆ. ಊರು ಊರಲ್ಲೂ ಹೀಗೆ ನಡೆಯುತ್ತದೆ, ಯಾರೂ ಅದನ್ನು ಮೋಸ ಅನ್ನುವುದಿಲ್ಲ. ನಾನು ಅದನ್ನೇ ಅವಳಿಗೆ ಹೇಳಿದೆ.

"ಆ ಪದ್ಧತಿ ಅನುಮಾನ ಇದ್ದವರಿಗೆ. ನಂಗೆ ಅನುಮಾನ ಇರ್ಲಿಲ್ಲ," ಅಂದಳು.

"ಲಾನ್‌ಗೆ ಗೊತ್ತಿತ್ತಾ?"

"ಇಲ್ಲ. ಅವನು ನಲವತ್ತಾರು ವರ್ಷ ಆ ಚೆಂಡು ನೋಡಿ ನೋಡಿ ಖುಷಿಪಟ್ಟ. ಧೂಳು ಒರೆಸ್ತಿದ್ದವಳು ನಾನು."

ನನಗೆ ಕೋಪ ಬಂತು. ತಟ್ಟೆಯ ಮೇಲಿನ ಸೊಟ್ಟ ಹೂವಿಗೆ ನನಗೆ ಕಣ್ಣೀರು ಬರಿಸಿದ್ದವಳು! ಆಮೇಲೆ ಅವಳ ಮುಖ ನೋಡಿ ಕೋಪ ಇಳಿಯಿತು. ಈಗ ಬಾಯಿ ಬಿಟ್ಟರೆ ಏನಾಗುತ್ತದೆ ಎಂಬುದು ಇಬ್ಬರಿಗೂ ಗೊತ್ತಿತ್ತು. ಆ ಒಂದು ಆಟ ತೆಗೆದರೆ ಲಾನ್ ದೊಡ್ಡ ಎಸೆತಗಾರರಲ್ಲಿ ಒಬ್ಬ ಅಷ್ಟೇ. ಎಂಬತ್ತರ ದಶಕದಲ್ಲಿ ಆಡಿದ ಹಾಲಿಸ್ ಮೇಬರಿ ಅವನಿಗಿಂತ ಮೂವತ್ತು ಆಟ ಹೆಚ್ಚು ಗೆದ್ದಿದ್ದಾನೆ. ಬೇಲಿಯ ಮೇಲೆ ಲಾನ್ ಇರುವುದಿಲ್ಲ. ಸತ್ತವನು ಎದ್ದು ಬಂದು ವಾದ ಮಾಡುವಂತೆಯೂ ಇಲ್ಲ.

"ಸುಮ್ಮನಿದ್ದುಬಿಡು," ಅಂದೆ. ನಾಚಿಕೆಯಿಲ್ಲದೆ ಹೇಳುತ್ತೇನೆ, ಹಾಗೇ ಅಂದೆ. "ಐವತ್ತೆರಡು ವರ್ಷ ಆಯ್ತು. ರೆನ್ನಿ ಹೇಗೋ ಬದುಕಿದಾನೆ."

"ಹೇಗೋ ಬದುಕಿದಾನೆ," ಎಂದು ಅವಳು ನನ್ನ ಮಾತನ್ನೇ ಮೆಲ್ಲಗೆ ಹೇಳಿಕೊಂಡಳು. ಆಮೇಲೆ ಪುಸ್ತಕವನ್ನು ಮತ್ತೆ ಪೆಟ್ಟಿಗೆಗೆ ಹಾಕಲಿಲ್ಲ, ಕೈಚೀಲಕ್ಕೆ ಹಾಕಿದಳು.

ಶನಿವಾರ ಎರಡನೇ ಬೇಸ್‌ಗೆ ಮತ ಹಾಕುವುದೆಂದು ಡ್ವೈಟ್ ಎದ್ದು ನಿಂತ. ಓರ್ಫಾ, "ಮೊದಲು ನಾನು ಒಂದು ಮಾತು ಹೇಳಬೇಕು" ಎಂದು ತಡೆದಳು. ಪುಸ್ತಕ ತೆರೆದು ಮೇಜಿನ ನಡುವೆ ಇಟ್ಟಳು. ಅವಳಿಗೆ ಕತೆ ಕಟ್ಟಿ ಹೇಳಲು ಬರುವುದಿಲ್ಲ. ನಾಲ್ಕೇ ಮಾತಿನಲ್ಲಿ ಹೇಳಿದಳು. ಅದು ಹೊಡೆತ. ನಾನು ತಪ್ಪು ಅಂತ ಬರೆದೆ. ಲಾನ್‌ಗೋಸ್ಕರ ಬರೆದೆ. ರೆನ್ನಿ ಆ ವರ್ಷ ಒಂದೂ ತಪ್ಪು ಮಾಡಲಿಲ್ಲ.



"ಏನು ಮಾತಾಡ್ತಿದೀಯ ನೀನು?" ಅಂತ ಡ್ವೈಟ್ ಕಿರುಚಿದ. "ನಿಯಮ ಗೊತ್ತಿಲ್ವಾ? ತಿದ್ದೋದಿದ್ರೆ ಮಾರನೇ ದಿನದೊಳಗೆ ತಿದ್ದಬೇಕು. ಐವತ್ತೆರಡು ವರ್ಷ ಆದ್ಮೇಲಲ್ಲ! ನಮ್ಮೂರಿಗೆ ಇದ್ದದ್ದೇ ಅದೊಂದು ಆಟ ಕಣೇ. ಅದನ್ನೂ ಕಿತ್ಕೊಂಡ್ಯಾ? ಅದೂ ಸ್ವಂತ ಗಂಡನದ್ದು!"

ಓರ್ಫಾ ಅವನ ಕಡೆ ನೋಡಲೇ ಇಲ್ಲ. ಅವಳು ನೋಡುತ್ತಿದ್ದದ್ದು ರೆನ್ನಿಯನ್ನು. ಅವನು ಪುಸ್ತಕವನ್ನು ಮುಟ್ಟಲಿಲ್ಲ. ಕಾಫಿ ಲೋಟವನ್ನು ಸದ್ದಾಗದಂತೆ ಕೆಳಗಿಟ್ಟ.

"ನಮ್ಮಪ್ಪ ಆ ದಿನ ಬಂದಿದ್ದ," ಅಂದ. "ಮನೆಗೆ ಹೋಗೋ ದಾರೀಲಿ, ಮಣ್ಣಿಗೆ ಬಡಿದು ಹಾರಿತಪ್ಪ ಅಂತ ಅವನಿಗೆ ಹೇಳಿದೆ. ನೆಪ ಹೇಳಬೇಡ, ಕೂಬಿಕ್ ಮಗಳು ಸುಳ್ಳು ಬರೆಯಲ್ಲ ಅಂದ. ಸಾಯೋವರೆಗೂ ಅದನ್ನೇ ನಂಬಿದ್ದ." ಟೋಪಿ ಹಾಕಿಕೊಂಡು ಬಾಗಿಲು ತೆಗೆದು ಹೊರಟೇಹೋದ. ತಟ್ಟೆಯಲ್ಲಿ ಮೊಟ್ಟೆ ಹಾಗೇ ಇತ್ತು.

ಆ ವಾರ ಊರು ಎರಡು ಪಾಲಾಯಿತು. ಅಂಚೆ ಕಚೇರಿಯಲ್ಲಿ, ಚರ್ಚಿನ ಮೆಟ್ಟಿಲ ಮೇಲೆ ಎಲ್ಲ ಕಡೆ ಅದೇ ಮಾತು. ಒಬ್ಬಳು ನನ್ನ ಅಂಗಡಿಯಲ್ಲೇ ಕೂತು, "ಸತ್ತ ಗಂಡನ ಮೇಲೆ ಈ ವಯಸ್ಸಲ್ಲಿ ಯಾಕೆ ಬೇಕಿತ್ತು ಆ ಸೇಡು" ಅಂದಳು. ಅವಳ ಕಾಫಿಯನ್ನು ಅರ್ಧದಲ್ಲೇ ಎತ್ತಿಕೊಂಡು ಹೋದೆ. ಬುಧವಾರದ ಆಟಕ್ಕೆ ಓರ್ಫಾ ಎಂದಿನಂತೆ ಗೂಡು ಹತ್ತಿದಳು. ಒಬ್ಬನು ಚೆಂಡು ಕೈಬಿಟ್ಟ, ಅವಳು ಮುಷ್ಟಿ ಹಿಡಿದಳು. ಮೊಟ್ಟಮೊದಲ ಬಾರಿಗೆ ಬೆಂಚುಗಳಿಂದ ಗೊಣಗಾಟ ಎದ್ದಿತು. ಅವಳು ಮುಷ್ಟಿಯನ್ನು ಇಳಿಸಲಿಲ್ಲ. ಕೆಳಗೆ ಬಂದಾಗ ಮಾತ್ರ ನನ್ನ ತೋಳು ಗಟ್ಟಿಯಾಗಿ ಹಿಡಿದುಕೊಂಡಳು. ರೆನ್ನಿ ಆಟಕ್ಕೆ ಬಂದಿರಲಿಲ್ಲ. ಅವಳು ಎರಡು ಸಲ ಅವನ ಮನೆಗೆ ಹೋದಳು, ಎರಡು ಸಲವೂ ಅವನು ಬಾಗಿಲು ತೆಗೆಯಲಿಲ್ಲ.

ಮುಂದಿನ ಶನಿವಾರ ಡ್ವೈಟ್ ಎಸೆತಗಾರನ ಜಾಗವನ್ನೂ ಮತ್ತೆ ಚರ್ಚೆಗೆ ತಂದ. ತರಲೇಬೇಕಿತ್ತು. ರೆನ್ನಿ ಬರುವುದಿಲ್ಲ ಎಂದು ಎಲ್ಲರೂ ಅಂದುಕೊಂಡಿದ್ದಾಗ ಬಂದ. ಗಡ್ಡ ಹೆರೆದು, ಇಸ್ತ್ರಿ ಮಾಡಿದ ಅಂಗಿ ತೊಟ್ಟಿದ್ದ. ಓರ್ಫಾಳ ಕಡೆ ನೋಡದೆ ಮೂಲೆಯ ಕುರ್ಚಿಯಲ್ಲಿ ಕೂತ.

ಸಮಿತಿಯದ್ದೊಂದು ಕಟ್ಟುಪಾಡಿತ್ತು. ಯಾರ ಹೆಸರು ಮತಕ್ಕೆ ಬಂದಿದೆಯೋ ಅವರು, ಇಲ್ಲವೇ ಅವರ ಮನೆಯವರು, ಜಗಲಿಗೆ ಹೋಗಿ ನಿಲ್ಲಬೇಕು. ಲಾನ್ ಹೆಸರು ಬಂದಾಗ ಓರ್ಫಾ ಎದ್ದು ಹೋದಳು. ಡ್ವೈಟ್ ಅಂಕಿಸಂಖ್ಯೆ ಓದಿದ. ಮೇಬರಿಯ ಗೆಲುವುಗಳು, ಲಾನ್‌ನ ಗೆಲುವುಗಳು. ಹಿಂಬಾಲಕರು ತಲೆಯಾಡಿಸಿದರು. ಇನ್ನೇನು ಕೈ ಎತ್ತಬೇಕು, ಆಗ ರೆನ್ನಿ ಬಾಯಿ ತೆಗೆದ.

"ಮೇಬರಿ ಆಡಿದ್ದನ್ನ ನೀವೆಲ್ಲ ಬೆಂಚಿನ ಮೇಲೆ ಕೂತು ನೋಡಿದೀರಿ. ಲಾನ್ ಆಡಿದ್ದನ್ನ ನಾನು ಅವನ ಬೆನ್ನ ಹಿಂದೆ ನಿಂತು ನೋಡಿದೀನಿ. ಏಳು ವರ್ಷ. ಆ ಒಂದು ಆಟ ತೆಗೆದುಹಾಕಿ, ಅದು ಹಾಳಾಗಿ ಹೋಗ್ಲಿ. ಅರವತ್ತೆರಡರಲ್ಲಿ ಹದಿಮೂರು ಇನಿಂಗ್ಸ್ ಒಬ್ಬನೇ ಎಸೆದ, ಕೊನೇಲಿ ಚಮಚ ಎತ್ತೋಕಾಗ್ದೆ ಸೂಪು ಬಟ್ಟಲಲ್ಲೇ ಕುಡಿದ. ಆ ಆಟ ಸೋತ್ವಿ, ಅದಕ್ಕೇ ನಿಮಗೆ ಯಾರಿಗೂ ನೆನಪಿಲ್ಲ. ಸೋತಿದ್ದು ನಮ್ಮಿಂದ, ಅವನಿಂದಲ್ಲ. ಆದ್ರೂ ಒಬ್ಬನ ಕಡೆಗೂ ತಿರುಗಿ ಕೆಟ್ಟ ಮುಖ ಮಾಡ್ಲಿಲ್ಲ. ನನ್ನ ಕೈಗೆ ಬಂದ ಚೆಂಡುಗಳೆಲ್ಲ ಸುಲಭವಾಗಿ ಬಂದಿದ್ದು ಯಾಕೆ ಗೊತ್ತಾ? ಅವನ ಎಸೆತಕ್ಕೆ ಯಾರಿಂದಲೂ ಗಟ್ಟಿಯಾಗಿ ಹೊಡೆಯೋಕೆ ಆಗ್ತಿರ್ಲಿಲ್ಲ. ನಾನು ಮೂವತ್ತೇಳು ಆಟ ತಪ್ಪಿಲ್ಲದೆ ಆಡಿದ್ರಲ್ಲಿ ಅರ್ಧ ಅವನದ್ದೇ. ನನ್ನ ಮತ ಲಾನ್ ಗಿಟ್ನರ್‌ಗೆ."

ಅಷ್ಟು ಮಾತನ್ನು ಅವನು ಒಟ್ಟಿಗೆ ಆಡಿದ್ದನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ. ಐದು ಕೈ ಎದ್ದವು. ಏಳದೆ ಉಳಿದ ಒಂದು ಕೈ ಡ್ವೈಟ್‌ನದ್ದು. ಅದರಲ್ಲೂ ತಪ್ಪೇನಿಲ್ಲ, ಮೇಬರಿ ಅವನ ಶಿಷ್ಯ.

ಓರ್ಫಾಳನ್ನು ಒಳಗೆ ಕರೆದರು. "ಲಾನೇ ಗೆದ್ದ. ರೆನ್ನಿ ಮಾತಿಂದ ಗೆದ್ದ," ಎಂದು ಡ್ವೈಟ್ ಹೇಳಿದ. ಮಹಾ ಜಗಳಗಂಟ, ಆದರೆ ಸುಳ್ಳು ಹೇಳುವವನಲ್ಲ. ಓರ್ಫಾ ಬಾಗಿಲಲ್ಲೇ ನಿಂತುಬಿಟ್ಟಳು. ಈಗ ರೆನ್ನಿಯ ಹೆಸರು, ಹಾಗಾಗಿ ಅವನು ಆಚೆ ಹೋಗಬೇಕಿತ್ತು. ಅವಳ ಪಕ್ಕದಲ್ಲೇ ಹಾದು ಹೋದ.

ಎರಡನೇ ಬೇಸ್‌ಗೆ ಮತ ಹಾಕಲು ಒಂದು ನಿಮಿಷವೂ ಹಿಡಿಯಲಿಲ್ಲ. ಮೊದಲು ಎದ್ದದ್ದು ಡ್ವೈಟ್‌ನ ಕೈ. "ತಪ್ಪಿಲ್ಲದೆ ಮುಗ್ಸಿದ್ರೆ ಅವನ ಹೆಸರೇ ಹೇಳ್ತೀನಿ ಅಂದಿದ್ದೆ, ಅಂದ್ಮೇಲೆ ಮುಗೀತು," ಎಂದು ಯಾರೂ ಕೇಳದಿದ್ದರೂ ಸಮಜಾಯಿಷಿ ಕೊಟ್ಟ. "ನಮ್ಮಜ್ಜ ಇದ್ದಿದ್ರೆ ನನ್ನ ಹುಗಿದುಬಿಡ್ತಿದ್ದ." ಆರೂ ಕೈ ಮೇಲಿದ್ದವು. ಕೆಳಗಿಳಿಸಲು ಮರೆತವರಂತೆ ಕೂತಿದ್ದರು ಮುದುಕರು.

"ನಾನು ಹೇಳಿ ಬರ್ತೀನಿ," ಎಂದು ಓರ್ಫಾ ಕೈಚೀಲ ತೆಗೆದುಕೊಂಡು ಜಗಲಿಗೆ ಹೋದಳು. ನಾನು ಕಾಫಿ ಪಾತ್ರೆ ಹಿಡಿದುಕೊಂಡು ಜಾಲರಿ ಬಾಗಿಲಿನ ಹಿಂದೆ ನಿಂತೆ. ಕದ್ದು ಕೇಳುವುದು ಕೆಟ್ಟ ಅಭ್ಯಾಸ, ಗೊತ್ತು. ಜಗಲಿ ನನ್ನದು.

ರೆನ್ನಿ ಕಟಕಟೆಗೆ ಕೈಯೂರಿ ನದಿ ನೋಡುತ್ತಿದ್ದ. ಕಲ್ಲಿದ್ದಲು ತುಂಬಿದ ದೋಣಿಗಳ ಸಾಲೊಂದು ನಿಧಾನವಾಗಿ ಕೆಳಕ್ಕೆ ಹೋಗುತ್ತಿತ್ತು.

"ಎಲ್ಲರೂ ನಿಂಗೇ ಹಾಕಿದ್ರು," ಅಂದಳು ಓರ್ಫಾ.

ಅವನ ಬೆನ್ನು ಒಂದು ಸಲ ಮೇಲಕ್ಕೆ ಹೋಗಿ ಕೆಳಗಿಳಿಯಿತು. ತಿರುಗಲಿಲ್ಲ. "ಡ್ವೈಟ್?"

"ಅವನೇ ಮೊದಲು."

"ಹೌದಾ." ಅವಳ ಕಡೆ ತಿರುಗಿದ. "ಒಂದು ಮಾತು ಹೇಳ್ತೀನಿ ಕೇಳು. ಆ ದಿನ ಆಟ ಮುಗಿದ ಮೇಲೆ ನೀನು ಕೆಳಗಿಳಿದು ಬಂದು, ರೆನ್ನಿ, ಇದು ಹೊಡೆತ, ಆದ್ರೆ ಲಾನ್‌ಗೋಸ್ಕರ ತಪ್ಪು ಅಂತ ಬರೀಲಾ ಅಂತ ಕೇಳಿದ್ರೆ ನಾನೇನು ಹೇಳ್ತಿದ್ದೆ ಗೊತ್ತಾ?"

"ಗೊತ್ತಿಲ್ಲ."

"ಬರಿ ಅಂತಿದ್ದೆ. ಒಂದು ಸಲಾನೂ ಯೋಚ್ನೆ ಮಾಡ್ತಿರ್ಲಿಲ್ಲ. ಗೆದ್ದಾಗ ಅವನನ್ನ ಹೆಗಲ ಮೇಲೆ ಹೊತ್ತಿದ್ದವನು ನಾನೇ ಅಲ್ವಾ. ಖುಷಿಯಿಂದ ಕೊಡ್ತಿದ್ದೆ ಓರ್ಫಾ. ನೀನು ಕೇಳ್ಲೇ ಇಲ್ಲ."

ಓರ್ಫಾ ಅತ್ತದ್ದನ್ನು ನಾನು ಲಾನ್ ಸತ್ತಾಗಲೂ ನೋಡಿರಲಿಲ್ಲ. ಈಗ ಅತ್ತಳು. ಕಣ್ಣು ಒರೆಸಿಕೊಳ್ಳಲೂ ಇಲ್ಲ. ಕೈಚೀಲದಿಂದ ಪುಸ್ತಕ ತೆಗೆದು ಕಟಕಟೆಯ ಮೇಲೆ ಬಿಚ್ಚಿದಳು.

"ಈಗ ಕೇಳ್ತಿದೀನಿ," ಅಂದಳು. "ತಡವಾಯ್ತು, ಆದ್ರೂ ಕೇಳ್ತಿದೀನಿ. ಇಲ್ಲಿ ಏನಿರಬೇಕು ಹೇಳು. ನೀನು ಹೇಳಿದ್ದೇ ಇರಲಿ."

ರೆನ್ನಿ ಆ ಚೌಕವನ್ನು ನೋಡಿದ. ದೋಣಿಗಳ ಸಾಲು ಸೇತುವೆ ದಾಟುವವರೆಗೂ ನೋಡುತ್ತಲೇ ಇದ್ದ.

"ಹೊಡೆತ ಅಂತ ಬರಿ," ಅಂದ. "ಲಾನ್ ಅದಿಲ್ದೇನೇ ಗೆದ್ದಾಯ್ತು. ಇನ್ನು ನನ್ನದು ನಂಗೆ ಇರ್ಲಿ."

ಅವಳು ಕಿವಿಯಿಂದ ಪೆನ್ಸಿಲು ತೆಗೆದಳು. ನದಿಯ ಕಡೆಯಿಂದ ಗಾಳಿ ಬೀಸುತ್ತಿತ್ತು. ಹಾಳೆ ಹಾರದಂತೆ ರೆನ್ನಿ ಎರಡೂ ಕೈಯಿಂದ ಪುಸ್ತಕವನ್ನು ಅದುಮಿ ಹಿಡಿದುಕೊಂಡ. ಅವಳು ಬರೆದಳು.